ಮೊದಲು ಅಲೆ, ಆಮೇಲೆ ಕೋಣೆ: ಮಾಲ್ಡೀವ್ಸ್ ಸರ್ಫಿಂಗ್ ರಜೆಯ ತಯಾರಿ, ಈವರೆಗಿನ ಪ್ರಗತಿ

ಯೋಜನೆ: ಏಪ್ರಿಲ್ ಕೊನೆಯಲ್ಲಿ ಎಂಟು ರಾತ್ರಿ, ಇಬ್ಬರು. ಒಬ್ಬರು ಪಳಗಿದ ಸರ್ಫರ್, ಇನ್ನೊಬ್ಬರು ಮಧ್ಯಮ ಹಂತದವರು.
ಸದ್ಯದ ಸ್ಥಿತಿ: ಹವಳದ್ವೀಪ ಸಮೂಹ (ಅಟಾಲ್) ಗೊತ್ತಾಗಿದೆ, ಕೋಣೆ ಮತ್ತು ಸರ್ಫ್ ಪಾಸ್ (ರೆಸಾರ್ಟ್‌ನ ಅಲೆಯಲ್ಲಿ ಸರ್ಫ್ ಮಾಡುವ ಅನುಮತಿ) ಕೈಗೆ ಬಂದಿವೆ, ಬೋರ್ಡ್ ಸಾಗಣೆ ಅರ್ಧ ಆಗಿದೆ, ವಿಮೆ ಬಾಕಿ.

ತಿಂಗಳ ಆಯ್ಕೆ

ನೀರಿನ ಮೇಲಿನ ವಿಲ್ಲಾ ನೋಡಿ ಮನಸೋತು ಕೋಣೆ ಹಿಡಿದು, ಆಮೇಲೆ ಹತ್ತಿರದಲ್ಲಿ ಅಲೆ ಇದೆಯೇ ಎಂದು ಹುಡುಕುವವರೇ ಹೆಚ್ಚು. ಈ ಯೋಜನೆ ಅದಕ್ಕೆ ತದ್ವಿರುದ್ಧ. ಸರ್ಫ್ ರಜೆಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದ ಸೌಕರ್ಯ ಎರಡೇ: ಹಾಸಿಗೆಯಿಂದ ಅಲೆಗಿರುವ ದೂರ ಕಡಿಮೆ ಇರಬೇಕು, ಅಲೆಗಾಗಿ ಕಾಯುವ ಜನರೂ ಕಡಿಮೆ ಇರಬೇಕು. ಉಳಿದದ್ದೆಲ್ಲ ಇವೆರಡರ ನಂತರ.

ಮಾಲ್ಡೀವ್ಸ್‌ಗೆ ಒಳ್ಳೆಯ ಸ್ವೆಲ್ (ದೂರದ ಗಾಳಿ ಎಬ್ಬಿಸಿ ಸಾಗಿಬರುವ ಅಲೆಸಾಲು) ಬರುವುದು ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಗಳಿಂದ. ಸುಮಾರು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಅದರ ಕಾಲ. ಮೇಯಿಂದ ಆಗಸ್ಟ್‌ವರೆಗೆ ಅಲೆಗಳು ಅತಿ ದೊಡ್ಡವು. ಆದರೆ ಆಗ ನೈಋತ್ಯ ಮಾನ್ಸೂನ್ ಕೂಡ ಜೋರು, ಮಳೆಯೂ ಜನವೂ ಜಾಸ್ತಿ. ಮಧ್ಯಮ ಹಂತದವರು ಜೊತೆಗಿರುವಾಗ ತಲೆಯೆತ್ತರ ಮೀರಿದ ಅಲೆ ವಾರಗಟ್ಟಲೆ ಬರುವುದು ಲಾಭವಲ್ಲ. ಏಪ್ರಿಲ್‌ನಲ್ಲಿ ಎರಡು ಮಾನ್ಸೂನ್‌ಗಳ ನಡುವಿನ ಗಾಳಿ ಸಾಮಾನ್ಯವಾಗಿ ಹಗುರ, ಅಲೆಯೂ ಹದವಾಗಿರುತ್ತದೆ. ಹಾಗಾಗಿ ಏಪ್ರಿಲ್.

ಯಾವ ಅಟಾಲ್?

ಪಟ್ಟಿಯಲ್ಲಿ ಮೂರಿದ್ದವು.

ದಕ್ಷಿಣದ ಹುವಧೂನಲ್ಲಿ ಬೀಕನ್ಸ್, ಟೈಗರ್ ಸ್ಟ್ರೈಪ್ಸ್, ಬ್ಲೂ ಬೌಲ್ಸ್ ಎಂಬ ಅಲೆಗಳಿವೆ. ಜನ ಕಡಿಮೆ, ಅಲೆ ಅದ್ಭುತ. ಆದರೆ ಅಲ್ಲಿ ಚೆನ್ನಾಗಿ ಸರ್ಫ್ ಮಾಡಬೇಕೆಂದರೆ ದೋಣಿಯಲ್ಲೇ ವಾಸ ಮಾಡುವುದು ವಾಸಿ. ಬೀಕನ್ಸ್ ಅಂತೂ ಆಳವಿಲ್ಲದ ಹವಳದ ಮೇಲೆ ಬಿರುಸಾಗಿ ಮುರಿಯುವ ಅಲೆ, ಮಧ್ಯಮ ಹಂತದವರಿಗೆ ಹೇಳಿದ್ದಲ್ಲ. ಬಿಟ್ಟೆವು.

ಲಾಮು ಅಟಾಲ್‌ನ ಯಿನ್ ಯಾಂಗ್ (ಸರ್ಫರ್ ನೋಟದಿಂದ) ಬಲಕ್ಕೆ ಮುರಿಯುವ ಅಲೆ, ಪಕ್ಕದಲ್ಲೇ ಉತ್ತಮ ದರ್ಜೆಯ ರೆಸಾರ್ಟ್. ಅಡ್ಡಿಯಾದದ್ದು ಪ್ರಯಾಣ: ಮಾಲೆಯಿಂದ ಕದ್ಧೂಗೆ ದೇಶೀಯ ವಿಮಾನ, ಆಮೇಲೆ ಬೋಟ್. ಪ್ರೊಪೆಲ್ಲರ್ ವಿಮಾನದ ಸಾಮಾನು ಕೋಣೆ ಚಿಕ್ಕದು. ವಿಮಾನ ತುಂಬಿದ್ದರೆ ಮೊದಲು ಕೆಳಗಿಳಿಯುವುದು ಬೋರ್ಡ್ ಬ್ಯಾಗೇ. ಎಂಟು ರಾತ್ರಿಯ ರಜೆಯಲ್ಲಿ ಒಂದು ದಿನ ಬೋರ್ಡ್‌ಗಾಗಿ ಕಾಯುವುದು ದುಬಾರಿ.

ಉಳಿದದ್ದು ಉತ್ತರ ಮಾಲೆ ಅಟಾಲ್. ವಿಮಾನ ನಿಲ್ದಾಣದಿಂದ ಸ್ಪೀಡ್‌ಬೋಟ್‌ನಲ್ಲೇ ಹೋಗಬಹುದು. ಇದು ಸಣ್ಣ ವಿಷಯವಲ್ಲ. ಸೀಪ್ಲೇನ್‌ಗಳು ಹಗಲಲ್ಲಿ ಮಾತ್ರ ಹಾರುತ್ತವೆ, ಸಂಜೆ ಬಂದಿಳಿದರೆ ಮಾಲೆಯಲ್ಲಿ ಒಂದು ರಾತ್ರಿ ಹೋಯಿತು, ಜೊತೆಗೆ ಬೋರ್ಡ್‌ನ ಉದ್ದಕ್ಕೂ ಮಿತಿ. ಸ್ಪೀಡ್‌ಬೋಟ್‌ಗೆ ಈ ಎರಡೂ ತೊಡಕಿಲ್ಲ.

ಉತ್ತರ ಮಾಲೆಯ ಅಲೆ ಮುರಿಯುವ ಜಾಗಗಳು, ಅಂದರೆ ಬ್ರೇಕ್‌ಗಳು ಅಟಾಲ್‌ನ ಪೂರ್ವದ ಅಂಚಿನಲ್ಲಿವೆ. ದಕ್ಷಿಣದ ಸ್ವೆಲ್ ಆ ಅಂಚನ್ನು ಬಳಸಿಕೊಂಡು ಬಾಗಿ ಬರುತ್ತದೆ. ಪಶ್ಚಿಮದ ಗಾಳಿ ಬೀಸಿದರೆ ಅದು ಹೆಚ್ಚಿನ ಕಡೆ ಅಲೆಯ ಮುಖಕ್ಕೆ ಎದುರಾಗಿ ಬಂದು ಅಲೆಯನ್ನು ಎತ್ತಿಹಿಡಿಯುತ್ತದೆ, ಕದಡುವುದಿಲ್ಲ. ಸುಲ್ತಾನ್ಸ್, ಜೈಲ್‌ಬ್ರೇಕ್ಸ್, ಕೋಕ್ಸ್ ಬಲಕ್ಕೆ. ಹಾಂಕೀಸ್, ಚಿಕನ್ಸ್, ಲೋಹಿಸ್, ಪಾಸ್ತಾ ಪಾಯಿಂಟ್ ಎಡಕ್ಕೆ. ನಮ್ಮಲ್ಲಿ ಒಬ್ಬರು ಎಡಗಾಲು ಮುಂದಿಡುವವರು, ಒಬ್ಬರು ಬಲಗಾಲು. ಬಲಗಾಲು ಮುಂದಿಡುವವರಿಗೆ ಎಡದ ಅಲೆಯಲ್ಲಿ ಮುಖ ಅಲೆಯತ್ತ ಇರುತ್ತದೆ, ಕಲಿಕೆ ಬೇಗ ಆಗುತ್ತದೆ. ಇಬ್ಬರಿಗೂ ಒಗ್ಗುವ ಅಲೆಗಳು ಸ್ವಲ್ಪ ಹೊತ್ತಿನ ದೋಣಿ ಪ್ರಯಾಣದಲ್ಲಿ ಸಿಗುವ ಜಾಗ ಇದು.

ಕೊನೆಗೆ ಪಾಸ್ತಾ ಪಾಯಿಂಟ್ ಇರುವ ರೆಸಾರ್ಟನ್ನೇ ಹಿಡಿದೆವು. ಆ ಅಲೆ ಅಲ್ಲಿನ ಅತಿಥಿಗಳಿಗೆ ಮಾತ್ರ, ಸರ್ಫರ್‌ಗಳ ಸಂಖ್ಯೆಗೂ ಮಿತಿಯಿದೆ. 1973ರಲ್ಲಿ ಹಡಗು ಒಡೆದು ಈ ದ್ವೀಪಗಳಿಗೆ ಬಂದು ಸೇರಿದ ಆಸ್ಟ್ರೇಲಿಯಾದ ಟೋನಿ ಹುಸೇನ್ ಹಿಂಡೆ ಇಲ್ಲೇ ನೆಲೆಸಿ ಮಾಲ್ಡೀವ್ಸ್ ಸರ್ಫಿಂಗ್‌ಗೆ ಬುನಾದಿ ಹಾಕಿದವರು. 2008ರಲ್ಲಿ ಪಾಸ್ತಾ ಪಾಯಿಂಟ್‌ನಲ್ಲಿ ಸರ್ಫ್ ಮಾಡುತ್ತಿದ್ದಾಗಲೇ ತೀರಿಕೊಂಡರು. ಅವರ ನೆನಪಿಗೂ ಆ ಅಲೆಯ ಮೇಲೆ ನಮಗೆ ಗೌರವ.

ಗಮನಿಸಿ: ಕೋಣೆ ಬೇರೆ, ಸರ್ಫ್ ಪಾಸ್ ಬೇರೆ. ಕೋಣೆ ಖಾಲಿ ಇರುವಾಗಲೇ ಪಾಸ್ ಮುಗಿದಿರಬಹುದು. ಪಾಸ್ ಖಚಿತವಾದ ಮೇಲಷ್ಟೇ ಕೋಣೆಗೆ ದುಡ್ಡು ಕಟ್ಟಿ.

ಲೆಕ್ಕ

ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಸೇವಾ ಶುಲ್ಕವೂ ತೆರಿಗೆಯೂ ಸೇರಿಲ್ಲ ಎಂದರ್ಥ. 1,000 ಡಾಲರ್‌ಗೆ 10% ಸೇವಾ ಶುಲ್ಕ ಸೇರಿ 1,100; ಅದರ ಮೇಲೆ 17% ಪ್ರವಾಸೋದ್ಯಮ ಜಿಎಸ್‌ಟಿ, ಒಟ್ಟು 1,287. ಈ ಜಿಎಸ್‌ಟಿ 2025ರ ಜುಲೈನಿಂದ 17% ಆಗಿದೆ. ಹಳೆಯ ಲೇಖನಗಳಲ್ಲಿ 16% ಎಂದಿರುತ್ತದೆ. ರೆಸಾರ್ಟ್‌ಗಳಲ್ಲಿ ಹಸಿರು ತೆರಿಗೆ ತಲೆಗೆ ರಾತ್ರಿಗೆ 12 ಡಾಲರ್, ಅಂದರೆ ಇಬ್ಬರಿಗೆ ಎಂಟು ರಾತ್ರಿಗೆ 192. ಅಲ್ಲಿ ಬಂದಿಳಿದ ಮೇಲೆ 30 ದಿನದ ವೀಸಾ ಉಚಿತವಾಗಿ ಸಿಗುತ್ತದೆ. ಐಮುಗಾ ಎಂಬ ಆನ್‌ಲೈನ್ ಪ್ರಯಾಣಿಕ ಘೋಷಣೆಯನ್ನು ವಿಮಾನಕ್ಕೆ ಮುಂಚಿನ 96 ಗಂಟೆಗಳೊಳಗೆ ತುಂಬಬೇಕು. ಮದ್ಯ ಒಯ್ಯುವಂತಿಲ್ಲ.

ಮುನ್ಸೂಚನೆ ಓದುವ ಅಭ್ಯಾಸ

ಈಗಿನಿಂದಲೇ ದಿನಾ ನೋಡುತ್ತಿರುವುದು ಮೂರು ಅಂಕಿ: ಎತ್ತರ, ಅವಧಿ (ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡು), ದಿಕ್ಕು. ಬಹಳ ಜನ ಎತ್ತರ ಮಾತ್ರ ನೋಡುತ್ತಾರೆ. 2 ಮೀಟರ್ 10 ಸೆಕೆಂಡಿನ ಸ್ವೆಲ್‌ಗೂ 1.5 ಮೀಟರ್ 16 ಸೆಕೆಂಡಿನದಕ್ಕೂ ಸೆಕೆಂಡಿಗೆ ಹೊತ್ತು ತರುವ ಶಕ್ತಿ ಹತ್ತಿರ ಹತ್ತಿರ ಒಂದೇ. ಆದರೆ 10 ಸೆಕೆಂಡಿನ ಅಲೆಗೆ ತಳ ತಾಗುವುದು ಸುಮಾರು 80 ಮೀಟರ್ ಆಳದಲ್ಲಿ, 16 ಸೆಕೆಂಡಿನದಕ್ಕೆ 200 ಮೀಟರ್‌ನಲ್ಲೇ. ತಳ ಬೇಗ ಸಿಕ್ಕಷ್ಟೂ ಅಲೆ ಹೆಚ್ಚು ಬಾಗುತ್ತದೆ, ಹವಳದ ಮೇಲೆ ಬಂದಾಗ ಇನ್ನಷ್ಟು ಎತ್ತರಕ್ಕೇಳುತ್ತದೆ. ಅಟಾಲ್ ಸುತ್ತಿ ಬರಬೇಕಾದ ಉತ್ತರ ಮಾಲೆಗೆ ಅವಧಿಯೇ ಪ್ರಾಣ.

16 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 45 ಕಿ.ಮೀ. ಸಾಗುತ್ತದೆ. 5,500 ಕಿ.ಮೀ. ದೂರದ ಬಿರುಗಾಳಿಯಿಂದ ಹೊರಟಿದ್ದು ತಲುಪಲು ಐದು ದಿನ. ಆದ್ದರಿಂದ ಐದು ದಿನದೊಳಗಿನ ಮುನ್ಸೂಚನೆ ಈಗಾಗಲೇ ಹುಟ್ಟಿದ ಅಲೆಯದು, ನಂಬಬಹುದು. ಹತ್ತು ದಿನದ್ದು ಇನ್ನೂ ಹುಟ್ಟದ ಬಿರುಗಾಳಿಯ ಊಹೆ. ಅದನ್ನು ನೋಡಿ ದೋಣಿ ಬಾಡಿಗೆ ಮಾಡಬೇಡಿ.

ಬೋರ್ಡ್, ಸಾಮಾನು

ತಲಾ ಎರಡು ಬೋರ್ಡ್. 75 ಕಿಲೋ ತೂಕದ ಪಳಗಿದವರಿಗೆ 28 ಲೀಟರ್ ಗಾತ್ರದ್ದು, ಮಧ್ಯಮ ಹಂತದವರಿಗೆ 34 ಲೀಟರ್ ಆಸುಪಾಸು. ಎರಡನೆಯದು ಅದಕ್ಕಿಂತ ನಾಲ್ಕೈದು ಇಂಚು ಉದ್ದ, ದೊಡ್ಡ ದಿನಕ್ಕೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ (ಲೀಶ್) ತಲಾ ಎರಡು. ಹವಳಕ್ಕೆ ಉಜ್ಜಿ ಹರಿದರೆ ಅಲ್ಲಿ ಕೊಳ್ಳಲು ದ್ವೀಪದ ಅಂಗಡಿಯನ್ನು ನಂಬಬೇಕಾಗುತ್ತದೆ. ಎಫ್‌ಸಿಎಸ್ ಕಂಪನಿಯ ಫಿನ್ (ಬೋರ್ಡ್ ಅಡಿಯ ರೆಕ್ಕೆ) ಫ್ಯೂಚರ್ಸ್ ಕಂಪನಿಯ ಪೆಟ್ಟಿಗೆಗೆ ಕೂರುವುದಿಲ್ಲ, ಆದ್ದರಿಂದ ಯಾವ ಬೋರ್ಡ್‌ಗೆ ಯಾವುದು ಎಂದು ಚೀಟಿ ಅಂಟಿಸಿ ಒಂದೊಂದು ಹೆಚ್ಚುವರಿ ಸೆಟ್, ಎರಡು ಫಿನ್ ಕೀ. ನೀರು 28 ಡಿಗ್ರಿಗಿಂತ ಮೇಲೆ. ಬೋರ್ಡ್ ಮೇಲೆ ಹಚ್ಚುವ ವ್ಯಾಕ್ಸ್ (ಮೇಣ) ಉಷ್ಣವಲಯದ್ದೇ ಬೇಕು, ಬೇರೆಯದು ಕರಗಿ ಜಾರುತ್ತದೆ. ಹವಳದ ಮೇಲೆ ಕಾಲಿಡಲು ತೆಳು ಅಡಿಯ ಬೂಟಿ. ಪೂರ್ತಿ ತೋಳಿನ ರ್‍ಯಾಷ್ ಗಾರ್ಡ್, ಜಿಂಕ್ ಆಕ್ಸೈಡ್ ಕ್ರೀಮ್.

ಪ್ಯಾಕಿಂಗ್‌ನಲ್ಲಿ ಪೆಟ್ಟು ತಿನ್ನುವುದು ಮೂಗು, ಬಾಲ ಮತ್ತು ಅಂಚು. ಪೈಪ್‌ಗೆ ಸುತ್ತುವ ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ಹಾಕಿ, ಫಿನ್ ಎಲ್ಲ ಬಿಚ್ಚಿ, ಬೋರ್ಡ್‌ಗಳ ನಡುವೆ ಟವೆಲ್ ತುಂಬಿಸಿ.

ರಿಪೇರಿಗೆ ಸೂರ್ಯನ ಬೆಳಕಿಗೆ ಗಟ್ಟಿಯಾಗುವ ರೆಸಿನ್. ಎಪಾಕ್ಸಿ ಬೋರ್ಡ್‌ಗೆ ಪಾಲಿಯೆಸ್ಟರ್ ರೆಸಿನ್ ಹಾಕಿದರೆ ಒಳಗಿನ ಇಪಿಎಸ್ (ಥರ್ಮೋಕೋಲ್‌ನಂಥ) ಫೋಮ್ ಕರಗಿಹೋಗುತ್ತದೆ. ಎಪಾಕ್ಸಿಗೆ ಸಲ್ಲುವುದೇ ಎಂದು ಡಬ್ಬಿಯ ಮೇಲೆ ಓದಿ. ಬಿರುಕಿನೊಳಗಿನ ನೀರು ಪೂರ್ತಿ ಆರಲಿ, 80 ನಂಬರ್ ಕಾಗದದಿಂದ ಉಜ್ಜಿ, ರೆಸಿನ್ ನೆರಳಿನಲ್ಲೇ ಹಚ್ಚಿ ಪಾರದರ್ಶಕ ಹಾಳೆ ಒತ್ತಿ, ಆಮೇಲೆ ಬಿಸಿಲಿಗಿಡಿ. ಒದ್ದೆ ಫೋಮ್ ಮೇಲೆ ಮುಚ್ಚಿದರೆ ಒಳಗೆ ನೀರು ಸಿಕ್ಕಿ ಪದರ ಬಿಡುತ್ತದೆ.

ಬಾಕಿ ಕೆಲಸ

ವಿಮೆಯಲ್ಲಿ ಸರ್ಫಿಂಗ್ ಎಂಬ ಪದವೂ ತುರ್ತು ಸಾಗಾಟವೂ ಬರವಣಿಗೆಯಲ್ಲಿ ಇರಬೇಕು. ಸಾಹಸ ಕ್ರೀಡೆ ಎಂಬ ಒಂದೇ ಸಾಲು ಸಾಲದು. ಹವಳದ ಗಾಯಕ್ಕೆ ಮೃದು ಬ್ರಷ್, ಸಲೈನ್, ಪೊವಿಡೋನ್ ಅಯೋಡಿನ್ ಕಿಟ್‌ಗೆ ಸೇರಿಸಬೇಕು: ಗಾಯದಲ್ಲಿ ಉಳಿದ ಹವಳದ ಚೂರೇ ಕೀವಿಗೆ ದೊಡ್ಡ ಕಾರಣ, ನೋವಾದರೂ ಉಜ್ಜಿ ತೆಗೆಯಲೇಬೇಕು. ವಿಮಾನ ಸಂಸ್ಥೆಯಿಂದ ಬೋರ್ಡ್ ಬ್ಯಾಗ್‌ನ ಉದ್ದ, ತೂಕ, ಒಂದು ಬ್ಯಾಗ್‌ನಲ್ಲಿ ಎಷ್ಟು ಬೋರ್ಡ್ ಎಂಬ ಮೂರಕ್ಕೂ ಇಮೇಲ್ ಉತ್ತರ ಬರಬೇಕಿದೆ. ಬಂದ ಕೂಡಲೇ ಮುದ್ರಿಸಿ ಬ್ಯಾಗ್‌ನ ಹೊರಜೇಬಿಗೆ.