ಬಾರಾಟಾಂಗಿನ ಗುಹೆಯಲ್ಲಿ ಯಾಣದ ನೆನಪು

ಶಿರಸಿಯವರಾದ ನಮಗೆ ಯಾಣದ ಭೈರವೇಶ್ವರ ಶಿಖರ ಮನೆಯ ಹಿತ್ತಿಲಿನಷ್ಟೇ ಪರಿಚಿತ. ಸುಮಾರು 120 ಮೀಟರ್ ಎತ್ತರದ ಆ ಕಪ್ಪು ಸುಣ್ಣಕಲ್ಲಿನ ಸಂದಿಯಿಂದ ಲಿಂಗದ ಮೇಲೆ ಹನಿಯುವ ನೀರನ್ನು ಚಿಕ್ಕಂದಿನಿಂದಲೂ ತೀರ್ಥವೆಂದು ಕಣ್ಣಿಗೊತ್ತಿಕೊಂಡವಳು ನಾನು. ಅಂಥ ನೀರು ಕಲ್ಲನ್ನು ಕರಗಿಸುವಂತೆಯೇ ಕಟ್ಟುವುದೂ ಉಂಟೆಂಬುದನ್ನು ಕಣ್ಣಾರೆ ಕಂಡದ್ದು ಕಳೆದ ಜನವರಿಯಲ್ಲಿ, ಅಂಡಮಾನಿನ ಬಾರಾಟಾಂಗ್ ದ್ವೀಪದಲ್ಲಿ.

2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲಾಗುತ್ತಿರುವ ಪೋರ್ಟ್ ಬ್ಲೇರಿನಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಜಿರ್ಕಾಟಾಂಗ್ ತಪಾಸಣಾ ಠಾಣೆಯಲ್ಲಿ ನಸುಕಿನಲ್ಲೇ ಸರತಿ ಹಚ್ಚಿ, ಪೊಲೀಸ್ ಬೆಂಗಾವಲಿನಲ್ಲಿ ಜಾರವಾ ಬುಡಕಟ್ಟಿನವರ ಮೀಸಲು ಕಾಡನ್ನು ದಾಟಬೇಕು. ದಾರಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ತಮ್ಮ ಕಾಡಿನಲ್ಲಿ ತಮ್ಮ ಪಾಡಿಗಿರುವ ಜನರನ್ನು ಇಣುಕಿ ನೋಡುವುದು ಪ್ರವಾಸವಲ್ಲವಾದ್ದರಿಂದ ಈ ನಿಯಮ ನನಗೆ ತೀರ ಸರಿಯೆನಿಸಿತು. ಕಡಲಗಾಲುವೆ ದಾಟಿದ ಮೇಲೆ ಸಣ್ಣ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ನುಗ್ಗಿತು. ಅಘನಾಶಿನಿಯ ಕಾಂಡ್ಲಾ ಕಂಡವರಿಗೂ, ಎರಡೂ ದಡದ ಮರಗಳು ತಲೆಯ ಮೇಲೆ ಕೂಡಿಕೊಳ್ಳುವ ಆ ಓಣಿ ಹೊಸದೇ.

ಅಲ್ಲಿಂದ ನಡೆದು ಹೋಗಿ ಗುಹೆಯನ್ನು ಹೊಕ್ಕಾಗ ಮಾರ್ಗದರ್ಶಿ ಟಾರ್ಚ್ ಎತ್ತಿ ಹಿಡಿದ. ಚಾವಣಿಯಿಂದ ಇಳಿಬಿದ್ದ, ಹಾಲಿನ ಕೆನೆಯಂತೆ ಬಿಳುಪಾದ ಕಲ್ಲಿನ ಕೋಡೊಂದರ ತುದಿಯಲ್ಲಿ ಒಂದೇ ಒಂದು ಹನಿ, ಬೀಳಲೂ ಒಲ್ಲದೆ ನಿಲ್ಲಲೂ ಆಗದೆ ನಡುಗುತ್ತಿತ್ತು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಕೊಂಚ ಆಮ್ಲೀಯವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತ ಇಳಿಯುತ್ತದೆ. ಗುಹೆಯ ಗಾಳಿ ತಾಗಿ ಆ ಅನಿಲ ಹೊರಬಿದ್ದಾಗ, ಹೊತ್ತು ತಂದ ಸುಣ್ಣವನ್ನು ತುದಿಯಲ್ಲಿಯೇ ಬಿಟ್ಟು ಹನಿ ಕೆಳಗೆ ಬೀಳುತ್ತದೆ. ಗೇಣುದ್ದದ ಕೋಡು ಬೆಳೆಯಲು ನೂರಾರು, ಹಲವೊಮ್ಮೆ ಸಾವಿರಾರು ವರ್ಷ ಬೇಕು. ಪಕ್ಕದಲ್ಲೇ, ಕೈಗೆಟಕುವ ಎತ್ತರದ ಕೋಡುಗಳೆಲ್ಲ ಕಂದಿ ಕಪ್ಪಾಗಿದ್ದವು. ನಮ್ಮ ಬೆರಳಿನ ಜಿಡ್ಡು ಅಂಟಿದಲ್ಲಿ ನೀರೂ ಹಿಡಿಯದು, ಸುಣ್ಣವೂ ಕೂರದು. ಅದನ್ನು ಕಂಡು ಹೊಟ್ಟೆ ಕಿವುಚಿದಂತಾಯಿತು.

ಅತ್ತೆಯವರು ಆ ಹನಿಯನ್ನೇ ನೋಡುತ್ತ, “ಕೂಸೇ, ಇದು ನಮ್ಮ ಯಾಣದ್ದೇ ನೀರಲ್ದಾ?” ಎಂದರು.

ಅದೇ ದ್ವೀಪದ ಕೆಸರು ಜ್ವಾಲಾಮುಖಿಯನ್ನೂ ನೋಡಿದೆವು. ಅಲ್ಲಿ ಬೆಂಕಿಯಿಲ್ಲ, ನೆಲದಾಳದ ಅನಿಲದ ಒತ್ತಡಕ್ಕೆ ತಣ್ಣನೆಯ ಬೂದು ಕೆಸರು ಗುಳ್ಳೆಯಾಗಿ ಉಬ್ಬಿ ಒಡೆಯುತ್ತದೆ. ಆದರೆ ನನ್ನ ಮನಸ್ಸು ಗುಹೆಯಲ್ಲೇ ಉಳಿದಿತ್ತು.

ಶಿವರಾತ್ರಿಗೆ ಯಾಣಕ್ಕೆ ಹೋದಾಗ ಅತ್ತೆಯವರು ಎಂದಿನಂತೆ ಬಂಡೆಗೆ ಕೈಯೂರಲಿಲ್ಲ. ಹನಿ ತಾನಾಗಿ ಬೀಳುವ ತನಕ ಬೊಗಸೆಯೊಡ್ಡಿ ಕಾದರು.