ಸೊಲ್ಲಾಪುರ, ಜತ್ತ ಕಡೆಯಿಂದ ಪುಣೆಯ ‘ಸವಾಯಿ’ಗೆ: ಯಾವ ದಿನ, ಯಾವ ಗಾಡಿ, ಎಲ್ಲಿ ಕೂರುವುದು

ಪುಣೆಯ ಹಿಂದೂಸ್ತಾನಿ ಸಂಗೀತ ಉತ್ಸವವಾದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡಿಗರು ಹೋಗಿಬರುವುದು ಹೊಸದೇನಲ್ಲ. ಆದರೆ ಮೊದಲ ಸಲ ಹೊರಡುವವರು ಕಲಾವಿದರ ಹೆಸರು ನೋಡಿ ದಿನ ಆರಿಸುತ್ತಾರೆ. ಇಲ್ಲಿ ನೋಡಬೇಕಾದದ್ದು ಮೊದಲು ಗಡಿಯಾರವನ್ನು. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತುಂಟು. ಕಾರ್ಯಕ್ರಮ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ ಎಂಬುದರ ಮೇಲೆ ನಿಮ್ಮ ಕಿವಿಗೆ ಏನು ಬೀಳುತ್ತದೆ ಎಂಬುದು ನಿಂತಿದೆ.

ಉತ್ಸವ ಡಿಸೆಂಬರ್‌ನಲ್ಲಿ, ಸಾಮಾನ್ಯವಾಗಿ ಬುಧವಾರದಿಂದ ಭಾನುವಾರದವರೆಗೆ ಐದು ದಿನ. ಇತ್ತೀಚಿನ ವರ್ಷಗಳ ರೂಢಿ ಹೀಗಿದೆ: ಮೊದಲ ದಿನ ಮಧ್ಯಾಹ್ನ 3ಕ್ಕೆ, ಗುರುವಾರ, ಶುಕ್ರವಾರ 4ಕ್ಕೆ ಆರಂಭ, ಮೂರೂ ದಿನ ರಾತ್ರಿ 10ಕ್ಕೆ ಮುಕ್ತಾಯ. ಶನಿವಾರ ಮಾತ್ರ ನಡುರಾತ್ರಿ 12ರವರೆಗೆ. ಭಾನುವಾರ ಮಧ್ಯಾಹ್ನ 12ರಿಂದ ರಾತ್ರಿ 10ರವರೆಗೆ. ಎರಡೇ ದಿನ ರಜೆ ಸಿಗುವವರು ಕಣ್ಣುಮುಚ್ಚಿ ಶನಿವಾರ, ಭಾನುವಾರ ಹಿಡಿಯಲಿ. ಬಾಗೇಶ್ರೀ, ಮಾಲಕಂಸ, ದರಬಾರಿ ಕಾನಡಾದಂಥ ರಾತ್ರಿ ಏರಿದ ಮೇಲಿನ ರಾಗಗಳನ್ನು ಕಲಾವಿದರು ನಿರಾಳವಾಗಿ ಹಾಡುವುದಕ್ಕೆ ಸಿಗುವುದು ಶನಿವಾರದ ಆ ಎರಡು ಗಂಟೆ. ಭಾನುವಾರ ಮಧ್ಯಾಹ್ನದ ಹೊತ್ತು ಸಾರಂಗದ ಬಗೆಗಳಿಗೆ, ಆಮೇಲೆ ಭೀಮಪಲಾಸಿ, ಮುಲ್ತಾನಿಗೆ, ಸಂಜೆಗೆ ಪೂರಿಯಾ ಧನಾಶ್ರೀ, ಮಾರವಾಕ್ಕೆ ಹೇಳಿಮಾಡಿಸಿದ್ದು. ಭಾನುವಾರ ಮಧ್ಯಾಹ್ನ ಬಿಸಿಲೆಂದು ರೂಮಿನಲ್ಲಿ ಮಲಗಿ ಸಂಜೆ ಆರಕ್ಕೆ ಬರುವವರು ಕಳೆದುಕೊಳ್ಳುವುದು ಇದನ್ನೇ. ವಾರದ ದಿನಗಳಲ್ಲಿ ಹಾಡುಗಾರಿಕೆ ಕಡಿಮೆಯದೆಂದಲ್ಲ. ಸಂಜೆಯ ರಾಗಗಳಿಂದ ಯಮನ್, ಬಿಹಾಗ, ಕೇದಾರದವರೆಗೆ ಬಂದು ನಿಲ್ಲುತ್ತದೆ, ಅಷ್ಟೆ.

ಹಿಂದೆ ಇದು ರಾತ್ರಿಯಿಡೀ ನಡೆಯುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ರಾಜ್ಯ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು. ಶನಿವಾರದ ಸವಲತ್ತು ಇದರಿಂದ ಬಂದದ್ದು. ಬೆಳಗಿನ ಜಾವದ ಲಲಿತ, ಭೈರವ, ತೋಡಿ ಈ ಪೆಂಡಾಲಿನಿಂದ ಹೊರಗುಳಿದದ್ದೂ ಇದೇ ಕಾರಣಕ್ಕೆ. ಮುಚ್ಚಿದ ಸಭಾಂಗಣಕ್ಕೆ ಈ ನಿಯಮ ಅಡ್ಡಬರುವುದಿಲ್ಲ. ಹಾಗಾಗಿ ಇಡೀ ರಾತ್ರಿ ಕೂತು ಬೆಳಗಿನ ರಾಗ ಕೇಳಲೇಬೇಕು ಎನ್ನುವವರು ಜನವರಿ ಕೊನೆಯಲ್ಲಿ ಕೋಲ್ಕತ್ತದಲ್ಲಿ ನಡೆಯುವ ಡೋವರ್ ಲೇನ್ ಸಂಗೀತ ಸಮ್ಮೇಳನಕ್ಕೆ ಹೋಗಬೇಕು, ಪುಣೆಗಲ್ಲ.

ಪುಣೆಯವರು ‘ನಮ್ಮ ಸವಾಯಿ’ ಎಂದು ಎಷ್ಟೇ ಹೇಳಿಕೊಂಡರೂ ಗುರು, ಶಿಷ್ಯ ಇಬ್ಬರೂ ನಮ್ಮ ಕಡೆಯವರೇ. ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಅವರು 1952ರಲ್ಲಿ ತೀರಿಕೊಂಡ ಮೇಲೆ ಗದಗಿನ ಭೀಮಸೇನ ಜೋಶಿ 1953ರಲ್ಲಿ ಗುರುವಿನ ಹೆಸರಲ್ಲಿ ಇದನ್ನು ಶುರುಮಾಡಿದರು. ನಡೆಸುವುದು ಆರ್ಯ ಸಂಗೀತ ಪ್ರಸಾರಕ ಮಂಡಳ. ಕೊನೆಯ ದಿನ ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಭೈರವಿ ಧ್ವನಿಮುದ್ರಣ ಹಾಕುತ್ತಾರೆ. ಗಾಡಿಗೆ ತಡವಾಯಿತೆಂದು ಅದಕ್ಕೆ ಮೊದಲೇ ಎದ್ದು ಓಡಬೇಡಿ.

ಓಡಬೇಕಾಗದಂತೆ ಗಾಡಿ ಹೊಂದಿಸಿಕೊಳ್ಳುವುದೇ ಇಡೀ ಪ್ರಯಾಣದ ಕಷ್ಟದ ಭಾಗ. ಸೊಲ್ಲಾಪುರದಿಂದ ಪುಣೆಗೆ ಸುಮಾರು 250 ಕಿ.ಮೀ. ಬೆಳಿಗ್ಗೆ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದರೆ ನಾಲ್ಕು ತಾಸಿನಲ್ಲಿ ಪುಣೆ. ಆದರೆ ಅದೇ ಗಾಡಿ ಪುಣೆಯಿಂದ ಸಂಜೆ ಆರರ ಹೊತ್ತಿಗೆ ಮರಳುತ್ತದೆ, ಅಂದರೆ ಪೆಂಡಾಲಿನಲ್ಲಿ ಕಛೇರಿ ರಂಗೇರುವ ಹೊತ್ತಿಗೆ. ಒಂದೇ ದಿನದಲ್ಲಿ ಹೋಗಿಬರಲು ಅದು ಕೆಲಸಕ್ಕೆ ಬಾರದು. ಮರಳಲು ಸರಿಯಾದದ್ದು ಮುಂಬಯಿಯಿಂದ ಬರುವ ಸಿದ್ಧೇಶ್ವರ ಎಕ್ಸ್‌ಪ್ರೆಸ್. ನಡುರಾತ್ರಿ ಕಳೆದ ಮೇಲೆ ಪುಣೆಗೆ ಬಂದು ಬೆಳಗಾಗುವಷ್ಟರಲ್ಲಿ ಸೊಲ್ಲಾಪುರಕ್ಕೆ ಬಿಡುತ್ತದೆ. ಶನಿವಾರ 12ಕ್ಕೆ ಮುಗಿದರೂ ಇದು ಸಿಗುತ್ತದೆ. ಅಕ್ಕಲಕೋಟದವರಿಗೆ ಸೊಲ್ಲಾಪುರದಿಂದ ಮುಂದೆ ಎಸ್‌ಟಿ ಬಸ್ಸೇ ಸಲೀಸು; ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಊರು ಮತ್ತೆ ಹತ್ತು ಕಿ.ಮೀ.ಗಿಂತ ದೂರ.

ಬುಕಿಂಗ್ ಮಾಡುವಾಗ ಒಂದು ಕಡೆ ಜನ ತಪ್ಪದೆ ಮೋಸ ಹೋಗುತ್ತಾರೆ. ಭಾನುವಾರ ರಾತ್ರಿಯ ಕಾರ್ಯಕ್ರಮ ಮುಗಿಸಿ ಹತ್ತುವ ಸಿದ್ಧೇಶ್ವರ, ಪುಣೆಗೆ ಬರುವ ಹೊತ್ತಿಗೆ ತಾರೀಖು ಬದಲಾಗಿರುತ್ತದೆ. ಪುಣೆಯಿಂದ ಟಿಕೆಟ್ ತೆಗೆಯುವವರು ಸೋಮವಾರದ ತಾರೀಖು ಹಾಕಬೇಕು. ಭಾನುವಾರದ್ದು ಹಾಕಿದರೆ ನಿಮ್ಮ ಬರ್ತು ಹಿಂದಿನ ರಾತ್ರಿಯೇ ಹೊರಟುಹೋಗಿರುತ್ತದೆ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಉತ್ಸವದ ತಾರೀಖು ಗೊತ್ತಾದ ಕೂಡಲೇ ಗಾಡಿ ಮೊದಲು, ಉತ್ಸವದ ಟಿಕೆಟ್ ಆಮೇಲೆ.

ಜತ್ತ, ಮಿರಜ ಕಡೆಯವರಿಗೆ ಹೋಗುವಾಗ ಮಿರಜದಿಂದ ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಅನುಕೂಲ. ಮರಳುವಾಗ ಶನಿವಾರ ರಾತ್ರಿ ಮಾತ್ರ ಅದನ್ನು ನಂಬಬೇಡಿ. ಅದು ಪುಣೆಗೆ ಬರುವುದು ನಡುರಾತ್ರಿಯ ಆಸುಪಾಸು; 10ಕ್ಕೆ ಮುಗಿಯುವ ದಿನಗಳಲ್ಲಿ ಸಿಗುತ್ತದೆ, ಶನಿವಾರ ಆ ಹೊತ್ತಿಗೆ ಕೊನೆಯ ಕಲಾವಿದರು ಇನ್ನೂ ವೇದಿಕೆಯಲ್ಲಿರುತ್ತಾರೆ. ಆ ದಿನ ಸ್ವಾರಗೇಟ್ ನಿಲ್ದಾಣದಿಂದ ಸಾಂಗಲಿ ಕಡೆಯ ರಾತ್ರಿ ಬಸ್ ನೋಡಿಕೊಳ್ಳಿ.

ಸ್ವಂತ ಕಾರಿನಲ್ಲಿ ಬರುವವರಿಗೆ ಒಂದು ಮಾತು. ಡಿಸೆಂಬರ್ ಕಬ್ಬು ನುರಿಯುವ ಕಾಲ. ಭಿಗವಣ, ಇಂದಾಪುರ, ಟೆಂಭುರ್ಣಿ ಉದ್ದಕ್ಕೂ ರಾತ್ರಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಎಷ್ಟೋ ಟ್ರೇಲರಿಗೆ ಹಿಂದೆ ದೀಪವೂ ಇರುವುದಿಲ್ಲ, ಮಿಂಚುಪಟ್ಟಿಯೂ ಇರುವುದಿಲ್ಲ. ಐದಾರು ತಾಸು ಕೂತು ಕೇಳಿದ ಕಣ್ಣಲ್ಲಿ ಆ ರಸ್ತೆ ಹಿಡಿಯುವುದಕ್ಕಿಂತ ರಾತ್ರಿ ಉಳಿದು ಬೆಳಿಗ್ಗೆ ಹೊರಡುವುದು ಲೇಸು.

2018ರಿಂದ ಉತ್ಸವದ ಜಾಗ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಕ್ರೀಡಾ ಸಂಕುಲ. ಅದಕ್ಕೆ ಮೊದಲು ರಮಣಬಾಗ ಶಾಲೆಯ ಮೈದಾನದಲ್ಲಿತ್ತು. ಹಳಬರನ್ನು ದಾರಿ ಕೇಳಿದರೆ ಈಗಲೂ ಅಲ್ಲಿಗೇ ಕಳಿಸಿಬಿಟ್ಟಾರು, ಟಿಕೆಟ್ಟಿನ ಮೇಲಿನ ವಿಳಾಸ ನೋಡಿಕೊಳ್ಳಿ. ಪುಣೆ ಸ್ಟೇಷನ್ನಿನಿಂದ ಮೆಟ್ರೊ ಹತ್ತಿ, ಸಿವಿಲ್ ಕೋರ್ಟ್‌ನಲ್ಲಿ ಬದಲಿಸಿ, ಸ್ವಾರಗೇಟಿನಲ್ಲಿ ಇಳಿದರೆ ಮೈದಾನ ಎರಡು ಕಿ.ಮೀ. ಒಳಗೆ. ಸ್ವಾರಗೇಟ್ ಮೆಟ್ರೊ ಶುರುವಾದದ್ದು 2024ರ ಸೆಪ್ಟೆಂಬರ್ ಕೊನೆಗೆ. ಅದಕ್ಕೂ ಹಳೆಯ ಸಲಹೆಗಳಲ್ಲಿ ಈ ದಾರಿ ಇರುವುದಿಲ್ಲ. ಉಳಿಯಲು ಸ್ಟೇಷನ್ನಿನ ಬಳಿ ರೂಮು ಮಾಡುವುದಕ್ಕಿಂತ ಸ್ವಾರಗೇಟಿನ ಸುತ್ತ ನೋಡಿ. ಶನಿವಾರ ನಡುರಾತ್ರಿ ಸಾವಿರಾರು ಜನ ಒಟ್ಟಿಗೆ ಹೊರಬಂದಾಗ ಆಟೋದವರ ದರ ಅವರ ಬಾಯಿಗೆ ಬಂದದ್ದೇ. ನಡೆದು ಹೋಗುವಷ್ಟು ಹತ್ತಿರವಿದ್ದರೆ ಆ ತಾಪತ್ರಯವೇ ಇಲ್ಲ.

ಟಿಕೆಟ್ ಎರಡು ಬಗೆ: ಐದೂ ದಿನಕ್ಕೆ ಒಂದು, ಇಲ್ಲವೇ ದಿನಕ್ಕೊಂದು. ಕೂರುವುದೂ ಎರಡು ಬಗೆ: ಕುರ್ಚಿ, ಇಲ್ಲವೇ ನೆಲದ ಮೇಲಿನ ಭಾರತೀಯ ಬೈಠಕ್. ಬೈಠಕ್ ಅಗ್ಗ. ಬೆನ್ನು, ಮೊಣಕಾಲು ಗಟ್ಟಿಯಿದ್ದರೆ ಅದೇ ಚೆನ್ನ, ತಿಳಿದು ಕೇಳುವವರ ನಡುವೆ ಕೂರುತ್ತೀರಿ. ಎಲ್ಲಿ ತಲೆ ತೂಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅಕ್ಕಪಕ್ಕದವರನ್ನು ನೋಡಿಯೇ ಗೊತ್ತಾಗುತ್ತದೆ. ನೆಲದ ಮೇಲೆ ಜಾಗಕ್ಕೆ ಸಂಖ್ಯೆ ಇರುವುದಿಲ್ಲ, ಮುಕ್ಕಾಲು ತಾಸು ಮೊದಲೇ ಹೋಗಿ. ತೀರ ಮುಂದೆ ಧ್ವನಿವರ್ಧಕದ ಕಂಬದ ಬುಡದಲ್ಲಿ ಕೂತರೆ ತಬಲಾ ಕಿವಿಗೆ ಬಡಿಯುತ್ತದೆ, ತಂಬೂರಿ ಕೇಳುವುದೇ ಇಲ್ಲ. ಪೆಂಡಾಲಿನ ನಡುಭಾಗದಲ್ಲಿ ಸೌಂಡಿನವರ ಮೇಜು ಎಲ್ಲಿದೆ ನೋಡಿ, ಅದರ ಆಸುಪಾಸು ಕೂರಿ. ಅವರು ತಮ್ಮ ಕಿವಿಗೆ ಹೊಂದುವಂತೆ ಧ್ವನಿ ಇಡುತ್ತಾರೆ, ಅದೇ ನಿಮಗೂ ಸಿಗುತ್ತದೆ.

ಪುಣೆಯ ಡಿಸೆಂಬರ್ ರಾತ್ರಿ ಉಷ್ಣತೆ 10–12 ಡಿಗ್ರಿಗೆ ಇಳಿಯುವುದುಂಟು, ನೆಲದಿಂದ ಚಳಿ ಏರುತ್ತದೆ. ಒಂದು ಸೊಲ್ಲಾಪುರಿ ಚಾದರ ಕೆಳಗೆ ನಾಲ್ಕು ಮಡಿಕೆ ಮಾಡಿ ಹಾಸಲು, ಇನ್ನೊಂದು ಹೊದೆಯಲು. ಮಧ್ಯಾಹ್ನ ಬರುವವರಿಗೆ ಬಿಸಿಲಿರುವುದರಿಂದ ಸ್ವೆಟರು ಮರೆತುಹೋಗುತ್ತದೆ. ಹೊರಗೆ ಭಜಿ, ವಡಾಪಾವ್, ಚಹಾ ಎಲ್ಲ ಸಿಗುತ್ತದೆ. ಆದರೆ ಒಬ್ಬ ಕಲಾವಿದರಿಂದ ಮುಂದಿನವರ ನಡುವೆ, ವಾದ್ಯ ಶ್ರುತಿ ಮಾಡಿಕೊಳ್ಳುವ ಕೆಲವು ನಿಮಿಷಗಳಲ್ಲಿ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಸರತಿಯಲ್ಲಿ ನಿಂತು ಮರಳುವಷ್ಟರಲ್ಲಿ ನಿಧಾನಗತಿಯಲ್ಲಿ ಹಾಡುವ ಬಡಾ ಖ್ಯಾಲಿನ ಮೊದಲ ಸುತ್ತು ಮುಗಿದಿರುತ್ತದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬುತ್ತಿ ಕಟ್ಟಿಕೊಂಡರೆ ಈ ಗೋಜಿಲ್ಲ. ಆಲಾಪದ ನಡುವೆ ಮಾತ್ರ ರೊಟ್ಟಿ ಮುರಿಯಬೇಡಿ, ಸದ್ದು ನಾಲ್ಕು ಸಾಲು ಆಚೆಗೂ ಕೇಳುತ್ತದೆ.

ಉತ್ಸವದ ದಿನಗಳ ಬೆಳಿಗ್ಗೆ ಶಿವಾಜಿನಗರ ಕಡೆಯ ಸವಾಯಿ ಗಂಧರ್ವ ಸ್ಮಾರಕದಲ್ಲಿ ಸಂಗೀತಗಾರರ ಮೇಲಿನ ಸಾಕ್ಷ್ಯಚಿತ್ರ, ಮಾತುಕತೆ ನಡೆಯುವ ರೂಢಿಯಿದೆ. ಅಲ್ಲಿಂದ ಸ್ವಾರಗೇಟಿಗೆ ನೇರ ಮೆಟ್ರೊ.

ಜತ್ತ ಕಡೆಗೆ ಮರಳುವವರು ಮಿರಜದಲ್ಲಿ ಅರ್ಧ ದಿನ ಇಳಿಯಿರಿ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ 1937ರಲ್ಲಿ ತೀರಿಕೊಂಡರು, ಮಣ್ಣಾದದ್ದು ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ಉರುಸಿನ ಹೊತ್ತಿಗೆ ಅವರ ನೆನಪಿನ ಸಂಗೀತಸಭೆ ಇರುತ್ತದೆ. ಉರುಸು ಹಿಜರಿ ಪಂಚಾಂಗದ ಪ್ರಕಾರವಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಕಳೆದ ವರ್ಷದ ತಾರೀಖು ಹಿಡಿದು ಹೋಗಬೇಡಿ. ಊರಿನ ವಾದ್ಯ ಮಾಡುವವರ ಅಂಗಡಿಗಳನ್ನೂ ನೋಡಿ. ಮಿರಜದ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು) ಸಿಕ್ಕಿದೆ. ಬುರುಡೆಗೆ ಬೇಕಾದ ದೊಡ್ಡ ಸೋರೆ ಬರುವುದು ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕಡೆಯಿಂದ. ತಂಬೂರಿ ಕೊಳ್ಳುವವರು ಹಾಡುವವರನ್ನು ಜೊತೆಗೆ ಕರೆದೊಯ್ಯಿರಿ. ಗಂಡು ಶ್ರುತಿಯದು ದೊಡ್ಡದು, ಹೆಣ್ಣು ಶ್ರುತಿಯದು ಚಿಕ್ಕದು, ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ನಾಲ್ಕೂ ತಂತಿ ಒಂದೊಂದಾಗಿ ಮೀಟಿಸಿ, ಜವಾರಿಯ, ಅಂದರೆ ತಂತಿ ಕೂರುವ ಕುದುರೆಯ ಮೇಲ್ಮೈಯ, ಝೇಂಕಾರ ಒಂದೇ ಸಮ ಇದೆಯೇ ಕೇಳಿ. ಬುರುಡೆಯನ್ನು ಬೆರಳಿನಿಂದ ಸುತ್ತಲೂ ತಟ್ಟಿ; ಎಲ್ಲಾದರೂ ಸದ್ದು ಒಡಕಲಾಗಿ ಬಂದರೆ ಬಿರುಕಿದೆ. ಹೊರಡುವ ಮೊದಲು ತಂತಿ ಸಡಿಲಿಸಿ, ಅಂಗಡಿಯವರಿಂದಲೇ ಮರದ ಪೆಟ್ಟಿಗೆ ಮಾಡಿಸಿ. ಬಸ್ಸಿನ ಡಿಕ್ಕಿಯಲ್ಲಿ ಬರೀ ಬಟ್ಟೆ ಸುತ್ತಿ ಇಟ್ಟ ತಂಬೂರಿ ಜತ್ತ ಮುಟ್ಟುವಷ್ಟರಲ್ಲಿ ಒಡೆದಿರುತ್ತದೆ.