ಸೊಸೈಟಿ ಪಕ್ಕದ ಜಗಲಿ: ಆರು ತಿಂಗಳ ಲೆಕ್ಕ

ತುಮಕೂರಿನ ನಮ್ಮ ಬಡಾವಣೆಯ ನ್ಯಾಯಬೆಲೆ ಅಂಗಡಿಯನ್ನು ಜನ ಇವತ್ತಿಗೂ ಸೊಸೈಟಿ ಎಂದೇ ಕರೆಯುತ್ತಾರೆ. ಅದಕ್ಕೆ ಅಂಟಿಕೊಂಡ ಮನೆಯ ಜಗಲಿಯಲ್ಲಿ, ಪಡಿತರ ಕೊಡುವ ದಿನಗಳಂದು ಮಾತ್ರ, ಸೊಪ್ಪು, ತರಕಾರಿ ಮತ್ತು ಕಾಳುಗಳನ್ನು ಕೊಂಡ ಬೆಲೆಗೆ ಸಾಗಣೆಯ ಖರ್ಚನ್ನಷ್ಟೇ ಸೇರಿಸಿ ಮಾರುವ ಕೆಲಸವನ್ನು ನಾವು ನಾಲ್ವರು 2025ರ ಜೂನ್‌ನಲ್ಲಿ ಶುರು ಮಾಡಿದೆವು. ನವೆಂಬರ್ ಮುಗಿಯುತ್ತಿರುವಾಗ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಜಾಗವನ್ನು ಆರಿಸಿದ್ದಕ್ಕೆ ಕಾರಣವಿತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕೆ.ಜಿ. ಧಾನ್ಯ ಸಿಗುತ್ತದೆ, 2023ರ ಜನವರಿಯಿಂದ ಅದು ಉಚಿತವಾಗಿದೆ, ಅದರ ಮೇಲೆ ಅನ್ನಭಾಗ್ಯದ ಹೆಚ್ಚುವರಿ ಪಾಲೂ ಇದೆ. ಹೀಗಾಗಿ ನಮ್ಮ ಬೀದಿಯಲ್ಲಿ ಅನ್ನಕ್ಕೆ ತತ್ವಾರವಿಲ್ಲ. ಅನ್ನದ ಜೊತೆಗೆ ಏನಿದೆ ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ಊಟದಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಮತ್ತು 85 ಗ್ರಾಂ ಬೇಳೆಕಾಳು ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇತ್ತು. ಬಡಾವಣೆಯ ಹೆಂಗಸರೆಲ್ಲ ತಿಂಗಳಿಗೊಮ್ಮೆಯಾದರೂ ಬಂದು ನಿಲ್ಲುವ ಒಂದೇ ಸಾಲು ಸೊಸೈಟಿಯದು. ತರಕಾರಿಯನ್ನು ಆ ಸಾಲಿನ ಬಳಿಗೇ ಒಯ್ಯಬೇಕು ಎಂಬುದಷ್ಟೇ ನಮ್ಮ ಯೋಚನೆ.

ಮೊದಲ ತಿಂಗಳು ಸೋತೆವು. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಬೆಳಗಿನ ಜಾವದ ಹರಾಜಿನಲ್ಲಿ ಹುರುಳಿಕಾಯಿ, ನವಿಲುಕೋಸು ಮತ್ತು ಟೊಮೆಟೊ ಕೊಂಡು, ಬೀದಿಯ ಅಂಗಡಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದ ಕೆ.ಜಿ. ದರವನ್ನು ಹಲಗೆಯ ಮೇಲೆ ಬರೆದು ಕುಳಿತರೂ ಮೂರನೇ ಒಂದು ಪಾಲು ಹಾಗೆಯೇ ಉಳಿಯಿತು. ಬೆಲೆಯನ್ನು ಇನ್ನೂ ಇಳಿಸಬೇಕೆಂದು ನಮ್ಮಲ್ಲೊಬ್ಬರು ವಾದಿಸಿದರು. ವಾಸ್ತವದಲ್ಲಿ ಧಾನ್ಯ ಉಚಿತವಾದ ಮೇಲೆ ಸೊಸೈಟಿಗೆ ಬರುವವರು ಕಾರ್ಡು ಮತ್ತು ಚೀಲವನ್ನು ಮಾತ್ರ ತರುತ್ತಾರೆ. ಸೆರಗಿನ ತುದಿಯಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಇದ್ದರೆ ಅದು ಅಕ್ಕಿ ಚೀಲವನ್ನು ಮನೆಗೆ ಸಾಗಿಸುವ ಆಟೋಗೆ. ಫ್ರಿಜ್ ಇಲ್ಲದ ಮನೆಗೆ ಒಂದು ಕೆ.ಜಿ. ಹುರುಳಿಕಾಯಿ ಅಗ್ಗವಲ್ಲ, ನಷ್ಟ. ಜುಲೈಯಿಂದ ತಕ್ಕಡಿಯನ್ನು ಒಳಗಿಟ್ಟು, ಒಂದು ಹೊತ್ತಿನ ಸಾರಿಗೆ ಆಗುವಷ್ಟನ್ನು ಗುಡ್ಡೆ ಹಾಕಿ, ಗುಡ್ಡೆಗೆ ಹತ್ತು ರೂಪಾಯಿಯಂತೆ ಮಾರಿದೆವು. ದರವೇನೂ ಬದಲಾಗಿರಲಿಲ್ಲ, ಆದರೂ ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿಯಾಯಿತು. ಬೆರಳಚ್ಚಿನ ಯಂತ್ರಕ್ಕೆ ಸರ್ವರ್ ಸಿಗದೆ ಸಾಲು ಕದಲದ ದಿನ ನಮ್ಮ ವ್ಯಾಪಾರ ಇನ್ನೂ ಚೆನ್ನಾಗಿ ಆಗುತ್ತದೆ ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ದಾಖಲಿಸುತ್ತೇನೆ.

ಕಾಳಿನ ಕಥೆ ಬೇರೆ. ಹುರುಳಿಕಾಳನ್ನು ಹತ್ತು ರೂಪಾಯಿಯ ಪೊಟ್ಟಣ ಕಟ್ಟಿದರೂ ಯಾರೂ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಪೊಟ್ಟಣವನ್ನು ತಿರುಗಿಸಿ ನೋಡಿ ವಾಪಸು ಇಟ್ಟು, “ಕಾಳೇನೋ ಅಗ್ಗಕ್ಕೇ ಕೊಡ್ತೀರಿ ಮೇಷ್ಟ್ರೇ, ಬೇಯ್ಸೋಕೆ ಗ್ಯಾಸು ಯಾರು ಕೊಡ್ತಾರೆ?” ಎಂದರು. ನಮ್ಮ ನಾಲ್ವರ ಲೆಕ್ಕದಲ್ಲಿ ಸಿಲಿಂಡರ್ ಬಂದೇ ಇರಲಿಲ್ಲ. ಆಗಸ್ಟ್‌ನಿಂದ ಹುರುಳಿ ಮತ್ತು ಹೆಸರುಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ತರುತ್ತಿದ್ದೇವೆ. ಮೊಳಕೆ ಕಾಳು ಬೇಗ ಬೇಯುತ್ತದೆ. ಬಸ್ಸಾರಿಗೂ ಆಗುತ್ತದೆ, ಪಲ್ಯಕ್ಕೂ ಆಗುತ್ತದೆ. ಒಮ್ಮೆ ಮಾತ್ರ ಜಡಿಮಳೆಯ ದಿನ ಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಸಿಟ್ಟದ್ದರಿಂದ ಆರು ಕೆ.ಜಿ. ಕಾಳು ಲೋಳೆಯಾಗಿ ಹುಳಿ ವಾಸನೆ ಹೊಡೆಯಿತು. ಅಷ್ಟನ್ನೂ ಹೊರಗೆ ಚೆಲ್ಲಿದೆವು. ಈಗ ಬಿದಿರಿನ ಬುಟ್ಟಿಯಲ್ಲಿ ತೆಳುವಾಗಿ ಹರಡಿ, ನೀರು ಪೂರ್ತಿ ಬಸಿದ ಮೇಲೆಯೇ ಮುಚ್ಚುತ್ತೇವೆ.

ಸೆಪ್ಟೆಂಬರ್‌ನಲ್ಲಿ ನಾವು ಮಾರದೇ ಇರುವ ವಸ್ತುವೊಂದಕ್ಕೆ ಒಂದು ಇಡೀ ಮಧ್ಯಾಹ್ನವನ್ನು ಕೊಡಬೇಕಾಯಿತು. ಪಡಿತರದ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸುತ್ತಾರೆಂದು ಹಲವರು ಕಾಳು ಕಾಳನ್ನೇ ಆರಿಸಿ ಬಿಸಾಡುತ್ತಿದ್ದರು. ಅದು ಸಾರವರ್ಧಿತ ಅಕ್ಕಿ: ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಸೇರಿಸಿ, ಮತ್ತೆ ಅಕ್ಕಿಯ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಿದ್ದರು. ತೊಳೆಯುವಾಗ ಕೆಲವು ನೀರಿನಲ್ಲಿ ತೇಲುತ್ತಿದ್ದುದರಿಂದ ಅನುಮಾನ ಹುಟ್ಟುತ್ತಿತ್ತು. ರಕ್ತಹೀನತೆಗೆಂದೇ ಹಾಕಿದ ಕಾಳನ್ನು ರಕ್ತಹೀನತೆ ಇರುವವರೇ ಆರಿಸಿ ಎಸೆಯುವುದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಆ ಕಾಳುಗಳನ್ನೇ ಒಂದು ಹಿಡಿ ಆರಿಸಿ, ಜಗಲಿಯಲ್ಲೇ ಒಲೆ ಹಚ್ಚಿ ಬೇಯಿಸಿ, ಬೆರಳಲ್ಲಿ ಹಿಸುಕಿ ತೋರಿಸಿ, ಎಲ್ಲರೆದುರು ನಾವೇ ತಿಂದೆವು. ಹೆಚ್ಚಿನವರು ಒಪ್ಪಿದರು, ಇಬ್ಬರು ಈಗಲೂ ಆರಿಸುತ್ತಾರೆ.

ರಾಗಿಯ ಬಗ್ಗೆ ಹೇಳುವುದು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ ಎಂದು ಚೀಟಿ ಅಂಟಿಸಿದ್ದೆವು. ಅದನ್ನು ಯಾರೂ ಓದಲಿಲ್ಲ, ಓದುವ ಅಗತ್ಯವೂ ಈ ಸೀಮೆಯವರಿಗೆ ಇಲ್ಲ. ಅವರ ತಕರಾರು ಕಲ್ಲು ಆರಿಸುವ ಕೆಲಸ ಮತ್ತು ಮಿಲ್ಲಿನ ಕೂಲಿಯದು. ಅದಕ್ಕೆ ನಮ್ಮಲ್ಲಿ ಇನ್ನೂ ದಾರಿಯಿಲ್ಲ.

ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವ ತೀರ್ಮಾನವನ್ನು ರಾಜ್ಯದ ಸಚಿವ ಸಂಪುಟ ಅಕ್ಟೋಬರ್‌ನಲ್ಲಿ ಕೈಗೊಂಡಿತು. ನಮ್ಮ ಸೊಸೈಟಿಗೆ ಅದಿನ್ನೂ ಬಂದಿಲ್ಲ; ಬಂದ ತಿಂಗಳೇ ನಾವು ತೊಗರಿಬೇಳೆ ತರುವುದನ್ನು ನಿಲ್ಲಿಸಿ, ಆ ಹಣವನ್ನು ಸೊಪ್ಪಿಗೆ ಹಾಕುತ್ತೇವೆ.

ಡಿಸೆಂಬರ್‌ನಲ್ಲಿ ಅವರೆಕಾಯಿ ಇಳಿಯುತ್ತದೆ. ಸಿಪ್ಪೆಯ ತೂಕಕ್ಕೆ ದುಡ್ಡು ಕೊಡುವವರು ಯಾರು ಎಂದು ಈಗಾಗಲೇ ಕೇಳಿದ್ದಾರೆ. ಸಾಲಿನಲ್ಲಿ ಕುಳಿತವರೇ ಮಾತಾಡುತ್ತ ಸುಲಿದು ಕೊಟ್ಟರೆ ಕೂಲಿಗೆ ಬದಲಾಗಿ ಒಂದು ಗುಡ್ಡೆ ಕಾಳು ಕೊಡುವುದೆಂದು ಗೊತ್ತುಮಾಡಿದ್ದೇವೆ. ಕಳೆದ ಸಲ ಉಳಿದದ್ದು ಮೂರು ಕಟ್ಟು ದಂಟಿನ ಸೊಪ್ಪು. ಅದನ್ನು ಪುಸ್ತಕದಲ್ಲಿ ನಮ್ಮ ಹೆಸರಿಗೇ ಬರೆದುಕೊಂಡು ಮನೆಗೆ ಒಯ್ದೆವು.